ಸತ್ತ ಕೌಬಾಯ್ ಟಿವಿಯಲ್ಲಿ ಎದ್ದು ಬಂದದ್ದು

ಮನೆಗೊಂದೇ ಟಿವಿ, ಅದಕ್ಕೊಂದೇ ರಿಮೋಟ್, ಆ ರಿಮೋಟಿಗೆ ಒಬ್ಬರೇ ಯಜಮಾನರು ಇದ್ದ ಕಾಲ ಅದು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಉಡುಪಿಯಿಂದ ಅಜ್ಜ ಬಂದಿದ್ದರು. ನನಗೆ ಒಂಬತ್ತು ವರ್ಷ, ಶಾಲೆಗೆ ಬೇಸಿಗೆ ರಜೆ. ಅಪ್ಪನ ಕೆಲಸ ಮೆಲ್ಬರ್ನ್‌ನಲ್ಲಿ. ನರ್ಸ್ ಆಗಿದ್ದ ಅಮ್ಮ ಡ್ಯೂಟಿಗೆ ಹೊರಟರೆ ಮನೆಯ ಆಡಳಿತ ಅಜ್ಜನದು.

ಅಜ್ಜ ನಿವೃತ್ತ ಡ್ರಿಲ್ ಮಾಸ್ತರರು. ಆರಕ್ಕೆ ಏಳುವುದು, ಏಳಕ್ಕೆ ಕಷಾಯ, ಎಂಟಕ್ಕೆ ಮಗ್ಗಿ. ಸುಳ್ಳು ಹೇಳಿದವರು ಹತ್ತು ನಿಮಿಷ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ನಾನು ನಾಲ್ಕು ಸಲ ನಿಂತಿದ್ದೆ. ಸಂಜೆ ನಾಲ್ಕಕ್ಕೆ ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿ. ಅದರ ಜೊತೆ ಕಥೆ. ಕಥೆ ಒಂದೇ: ಹಾಸ್ಟೆಲಿನಲ್ಲಿದ್ದಾಗ ಮಂಗಳೂರಿನ ಟಾಕೀಸಿನಲ್ಲಿ ಅವರು ಮೂರು ಸಲ ನೋಡಿದ್ದ ಕೌಬಾಯ್ ಸಿನಿಮಾ. ಊರು ಕಾಯಲು ನಿಂತ ಒಬ್ಬ ಸವಾರ, ಕೊನೆಗೆ ನಡುಬೀದಿಯಲ್ಲಿ ಗುಂಡು ತಗುಲಿ ಅವನ ಸಾವು. "ನನ್ನ ಕುದುರೆಗೆ ನೀರು ಕೊಡಿ" ಎನ್ನುತ್ತ ಅವನು ಪ್ರಾಣ ಬಿಡುತ್ತಿದ್ದ. ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಕಂಬದ ಕೆಳಗೆ ಬಿದ್ದು ನಾನೂ ದಿನಾ ಹಾಗೆಯೇ ಸಾಯುತ್ತಿದ್ದೆ. ಬಿಸಿಲಿಗೆ ಕಾದ ನೀಲಗಿರಿ ಎಲೆಗಳ ವಾಸನೆ ಬೇಲಿ ದಾಟಿ ಬರುತ್ತಿತ್ತು.

ಒಂದು ಭಾನುವಾರ ಪೇಪರಿನ ಟಿವಿ ಪುಟದಲ್ಲಿ ಅದೇ ಸಿನಿಮಾದ ಹೆಸರಿತ್ತು. ಟಿವಿಗಾಗಿಯೇ ತಯಾರಿಸಿದ ಎರಡನೇ ಭಾಗ. ಅಜ್ಜ ಕೆಂಪು ಪೆನ್ನಿನಿಂದ ಗೆರೆ ಎಳೆದರು. ಮಧ್ಯಾಹ್ನ ಎರಡಕ್ಕೆ ಅಮ್ಮನೂ ಸೇರಿ ಮೂವರೂ ಸೋಫಾದಲ್ಲಿ ಕೂತೆವು.

ಮೊದಲ ದೃಶ್ಯದಲ್ಲೇ ಸವಾರ ಹಸುಗಳಿಗೆ ಹುಲ್ಲು ಹಾಕುತ್ತಿದ್ದ.

"ಇದು ಯಾರು? ಇವನ ಮುಖವೇ ಅದಲ್ಲ," ಎಂದರು ಅಜ್ಜ.

"ಸೇಮ್ ನೇಮ್ ಅಜ್ಜ. ಬಟ್ ಹೀ ಡೈಡ್!" ಎಂದೆ.

"ಹೌದಲ್ಲ! ಸತ್ತವ ಹಸು ಸಾಕುವುದು ಹೇಗೆ ಮಾರಾಯ್ತಿ?"

"ಅವನ ಮಗ ಇರಬಹುದು," ಎಂದಳು ಅಮ್ಮ.

"ಮಗನಿಗೂ ಅಪ್ಪನ ಹೆಸರೇ ಇಡ್ತಾರಾ?"

"ಅಪ್ಪಯ್ಯ, ನೀವು ಬೇರೆ ಯಾವುದೋ ಪಿಕ್ಚರ್ ನೋಡಿ ಬಂದದ್ದೋ ಏನೋ!"

"ಮೂರು ಸಲ ನೋಡಿದ್ದೇನೆ!" ಅಜ್ಜನ ಧ್ವನಿ ಮೈದಾನದ ಧ್ವನಿಯಾಯಿತು.

ಮುಂದಿನ ಕಥೆ ನನ್ನ ತಲೆಗೆ ಹೋಗಲಿಲ್ಲ. ಟಿವಿ ಸುಳ್ಳು ಹೇಳುತ್ತಿದೆಯೋ, ಅಜ್ಜ ಸುಳ್ಳು ಹೇಳಿದ್ದರೋ? ಇಬ್ಬರಲ್ಲಿ ಒಬ್ಬರು ಹೇಳಿರಲೇಬೇಕು. ಅದು ಟಿವಿಯೇ ಆಗಿರಲಿ ಎಂದುಕೊಂಡೆ.

ಕೊನೆಕೊನೆಗೆ ಸವಾರನಿಗೆ ಹಳೆಯದು ನೆನಪಾಯಿತು. ತೆರೆಯ ಮೇಲೆ ಅದೇ ನಡುಬೀದಿ. ಗುಂಡು ಹಾರಿತು. ಬಿದ್ದವನು ಸವಾರನಲ್ಲ, ದರೋಡೆಕೋರ.

ಅಜ್ಜ ರಿಮೋಟನ್ನು ಕೆಳಗಿಟ್ಟರು. ಆಮೇಲೆ ಹೇಳಿದರು: "ಹಾಸ್ಟೆಲಿನ ಗೇಟು ಒಂಬತ್ತಕ್ಕೆ ಬಂದ್. ಮೂರು ಸಲವೂ ಮುಗಿಯುವ ಮೊದಲೇ ಎದ್ದು ಬಂದದ್ದು ನಾನು. ಬಾಗಿಲು ದಾಟುವಾಗ ಗುಂಡಿನ ಸದ್ದು ಕೇಳ್ತಿತ್ತು. ಸತ್ತ ಅಂತ ಗ್ರಹಿಸಿದೆ."

"ಕುದುರೆಗೆ ನೀರು ಕೊಡಿ ಅಂದದ್ದು?"

"ಅದು... ನಾನು ಸೇರಿಸಿದ್ದು."

ಎದ್ದು ಪಂಚೆ ಸರಿಮಾಡಿಕೊಂಡು, ಫ್ರಿಜ್ಜಿನ ಪಕ್ಕದ ಗೋಡೆಗೆ ಮುಖ ಮಾಡಿ ನಿಂತರು.

"ಅಪ್ಪಯ್ಯ, ಎಂತ ಇದು ಮಕ್ಕಳ ಹಾಗೆ!" ಅಮ್ಮ ಗಾಬರಿಯಾದಳು.

"ಹತ್ತು ನಿಮಿಷ. ಕಾನೂನು ಎಲ್ಲರಿಗೂ ಒಂದೇ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿನಿಮಾ ನಡೆಯುತ್ತಲೇ ಇತ್ತು. ನಾನು ನೋಡುತ್ತಿದ್ದದ್ದು ಬೆವರಿಗೆ ಬೆನ್ನಿಗಂಟಿದ ಅವರ ಬನಿಯನ್ನನ್ನು.

ಅವರು ತಿರುಗಿದಾಗ ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು.

"ಕೊನೆಗೆ ಎಂತಾಯಿತು ಮಗಾ?"

ನೋಡಲಿಲ್ಲ ಎನ್ನಬೇಕಿತ್ತು. "ಸತ್ತ ಅಜ್ಜ," ಎಂದೆ. "ಈ ಸಲ ನಿಜವಾಗಿ."

"ಕುದುರೆ?"

"ನೀರು ಕುಡೀತು."

ಪೂರ್ತಿ ನೋಡಿದ್ದ ಅಮ್ಮ ಬಾಯಿ ತೆರೆದವಳು ಮುಚ್ಚಿಕೊಂಡಳು. ಅಜ್ಜ ನನ್ನನ್ನೇ ನೋಡಿ, "ಹಾಗಾದರೆ ಸರಿ," ಎಂದು ಅವಲಕ್ಕಿ ಕಲಸಲು ಹೋದರು. ಅವರು ನಂಬಿದರೋ, ನನ್ನನ್ನು ಗೋಡೆಯಿಂದ ಉಳಿಸಿದರೋ, ಇಂದಿಗೂ ಬಗೆಹರಿದಿಲ್ಲ.

ಅಜ್ಜ ತೀರಿಹೋಗಿ ವರ್ಷಗಳಾದವು. ನಾನೀಗ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಟ್ರಾಮಿನಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ತೆರೆ. ಯಾವ ಸಿನಿಮಾದ ಕೊನೆಯಾದರೂ ಎರಡು ನಿಮಿಷದಲ್ಲಿ ಸಿಗುತ್ತದೆ. ಕೊನೆಗೆ ಎಂತಾಯಿತು ಎಂದು ನನ್ನನ್ನು ಕೇಳುವ ಅಗತ್ಯ ಯಾರಿಗೂ ಇಲ್ಲ.