ಕೆಂಚಿಯ ಕಿವಿಯ ದಾರ

ನಾನು ಚಿಕ್ಕವನಿದ್ದಾಗ ನಮ್ಮ ಕೊಟ್ಟಿಗೆಯಲ್ಲಿ ಕೆಂಚಿ ಎಂಬ ಹಸುವಿತ್ತು. ಇಷ್ಟನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಮುಂದಿನದೆಲ್ಲ ನನಗೆ ನೆನಪಿರುವ ಹಾಗೆ, ಮಕ್ಕಳೇ. ದಿನವೂ ಡೈರಿ ಬರೆಯುವವನಿಗೆ ನೆನಪಿನ ಮೇಲೆ ನಂಬಿಕೆ ಕಡಿಮೆ. ಹೋದ ತಿಂಗಳು ನಾನೇ ಬರೆದದ್ದನ್ನು ಓದಿದರೆ ಇದು ಹೀಗೆಯೇ ಆಗಿತ್ತೇ ಎಂದು ಅನುಮಾನವಾಗುತ್ತದೆ. ಈ ಹಸುವಿನ ಕಥೆ ನಡೆದದ್ದಂತೂ ನಾನು ಡೈರಿ ಹಿಡಿಯುವುದಕ್ಕೆ ಎಷ್ಟೋ ಮೊದಲು. ಅದಕ್ಕೇ ಬರೆಯಲು ಕೂರುವ ಮುಂಚೆ ನನ್ನ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವಳು ಅರ್ಧ ಒಪ್ಪಿದಳು, ಇನ್ನರ್ಧಕ್ಕೆ ನಕ್ಕಳು.

ನಮ್ಮ ಊರು ಕುಶಾಲನಗರದ ಹತ್ತಿರ, ಕಾವೇರಿಯ ಈಚೆ ದಡದಲ್ಲಿತ್ತು. ಅಪ್ಪ ಅಲ್ಲಿನ ಈಶ್ವರನ ಗುಡಿಯ ಅರ್ಚಕರು. ಬೆಳಿಗ್ಗೆ ನದಿಯಲ್ಲಿ ಮುಳುಗಿ ಬಂದು, ಒದ್ದೆ ಪಂಚೆಯಲ್ಲೇ ಗರ್ಭಗುಡಿಯ ಬಾಗಿಲು ತೆಗೆದು, ಪೂಜೆಗೆ ಮೊದಲು ಸಂಕಲ್ಪ ಹೇಳುತ್ತಿದ್ದರು. ಇದು ಯಾವ ಯುಗ, ಯಾವ ದೇಶ, ನಾನು ಯಾವ ನದಿಯ ಯಾವ ದಿಕ್ಕಿನಲ್ಲಿದ್ದೇನೆ ಎಂದು ದೇವರಿಗೆ ವಿಳಾಸ ಒಪ್ಪಿಸುವ ಮಂತ್ರ ಅದು. ಅದರ ನಡುವೆ ‘ಬೌದ್ಧಾವತಾರೇ’ ಎಂಬ ಮಾತು ಬರುತ್ತಿತ್ತು. ಕೇಳಿ ಕೇಳಿ ನನಗೆ ಬಾಯಿಗೆ ಬಂದಿತ್ತು. ಅರ್ಥವೇನೆಂದು ನಾನು ಕೇಳಿರಲಿಲ್ಲ, ಅಪ್ಪ ಹೇಳಿರಲೂ ಇಲ್ಲ.

ಆ ಗುಡಿಯ ಅಭಿಷೇಕಕ್ಕೆ ಹಾಲು ಕೊಡುತ್ತಿದ್ದವಳು ಕೆಂಚಿ. ಹಣ್ಣಾದ ಬಾಳೆಯೆಲೆಯಂಥ ಕೆಂಚು ಬಣ್ಣ, ಒಂದು ಕೊಂಬು ಒಳಗೆ ಬಾಗಿತ್ತು. ಕತ್ತಿನ ಕೆಳಗೆ ತುರಿಸಿದರೆ ಕಣ್ಣು ಮುಚ್ಚಿ ಗಂಗೆದೊಗಲನ್ನು ನನ್ನ ಕೈಗೆ ಒಪ್ಪಿಸಿಬಿಡುತ್ತಿದ್ದಳು. ಆದರೆ ಆ ಹೊತ್ತಿಗೆ ಅವಳಿಗೆ ವಯಸ್ಸಾಗಿ ಹಾಲು ಬತ್ತಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ಅಪ್ಪನಿಗೆ ಬುದ್ಧಿ ಹೇಳುತ್ತಿದ್ದರು. “ಗೊಡ್ಡು ಹಸಕ್ಕೆ ಹುಲ್ಲು ಹಾಕ್ಕೊಂಡು ಕೂತ್ರೆ ಆಯ್ತದಾ ಅಯ್ನೋರೇ? ದಲ್ಲಾಳಿಗೆ ಹೊಡ್ದುಬಿಡಿ.” ದಲ್ಲಾಳಿಗೆ ಕೊಟ್ಟ ದನ ಘಟ್ಟ ಇಳಿದು ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಹೂಂ ಎನ್ನುತ್ತಿರಲಿಲ್ಲ, ಉಹೂಂ ಎಂದೂ ಅನ್ನುತ್ತಿರಲಿಲ್ಲ. ಆ ಮೌನ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು.

ಬೇಸಿಗೆ ರಜೆಯ ಒಂದು ಸಂಜೆ ಆಲಿಕಲ್ಲು ಮಳೆ ಬಂತು. ಹೆಂಚಿನ ಮೇಲೆ ಯಾರೋ ಗೋಣಿಗಟ್ಟಲೆ ಹುಣಸೆಬೀಜ ಸುರಿದಂಥ ಸದ್ದು. ನಾನೂ ಅಕ್ಕನೂ ಅಂಗಳದಲ್ಲಿ ಆಲಿಕಲ್ಲು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಮಳೆ ನಿಂತ ಮೇಲೆ ನೋಡಿದರೆ, ಗದ್ದೆಯ ಬದಿಯ ಗೂಟದಲ್ಲಿ ಹರಿದ ಹಗ್ಗವಷ್ಟೇ ಇತ್ತು. ಕತ್ತಲಾಗುವವರೆಗೂ ಕೂಗಿ ಕರೆದೆವು. ಕೆಂಚಿ ಬರಲಿಲ್ಲ.

ಮರುದಿನ ಕುಶಾಲನಗರದಲ್ಲಿ ಸಂತೆ. ಅಪ್ಪ ಪೂಜೆಯನ್ನು ಬೇಗ ಮುಗಿಸಿ ಹುಡುಕಲು ಹೊರಟರು. ಬೇಡವೆಂದರೂ ನಾವಿಬ್ಬರೂ ಹಿಂದೆ ಬಿದ್ದೆವು. ರಸ್ತೆ ಬದಿಯ ಹೋಟೆಲಿನವರು, ಶನಿವಾರಸಂತೆ ಕಡೆಯಿಂದ ದಲ್ಲಾಳಿ ಹೊಡೆದುಕೊಂಡು ಬಂದ ಹಿಂಡಿನಲ್ಲಿ ಸೊಟ್ಟ ಕೊಂಬಿನ ಹಸುವೊಂದು ಹೋದದ್ದನ್ನು ಕಂಡೆವೆಂದರು. ಅಲ್ಲಿಂದ ಮುಂದೆ ಅಪ್ಪ ನಡೆಯಲಿಲ್ಲ, ಓಡಿದರು. ಅಪ್ಪ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಂತೆಯ ದನದ ಮೈದಾನದಲ್ಲಿ ಸಗಣಿ, ಒದ್ದೆ ಮಣ್ಣು, ಬೀಡಿ ಹೊಗೆ ಎಲ್ಲ ಸೇರಿದ ವಾಸನೆ. ದಲ್ಲಾಳಿ ಹಲ್ಲು ಚುಚ್ಚಿಕೊಳ್ಳುತ್ತ ನಿಂತಿದ್ದ. ಹಿಂಡಿನಲ್ಲಿ ಒಂದು ಹೆಚ್ಚಾಗಿ ಸೇರಿಕೊಂಡದ್ದು ತನಗೆ ತಿಳಿಯಲೇ ಇಲ್ಲ ಎಂದ. ನಿಜವೋ ಸುಳ್ಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹಸು ಎಲ್ಲಿ ಎಂದರೆ ಸೇತುವೆಯ ಕಡೆಗೆ ಗಲ್ಲ ತೋರಿಸಿದ.

“ಕ್ಯಾಂಪಿನೋರು ಆಗ್ಲೇ ಹೊಡ್ಕೊಂಡು ಹೋದ್ರಲ್ಲ ಅಯ್ನೋರೇ. ಇನ್ನೇನು ಹುಡುಕ್ತೀರ? ಸ್ನಾನ ಮಾಡಿ ಎಳ್ಳುನೀರು ಬಿಟ್ಬಿಡಿ.”

ಸುತ್ತ ನಿಂತವರಲ್ಲಿ ಯಾರೋ ನಕ್ಕರು. ಅಕ್ಕ ಹೇಳುವ ಪ್ರಕಾರ ಅಪ್ಪನ ಕಣ್ಣಲ್ಲಿ ಆಗ ನೀರು ಬಂತು. ನನಗೆ ನೆನಪಿರುವುದು ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡದ್ದು. ಎರಡೂ ಒಂದೇ ಇರಬಹುದು.

ಕ್ಯಾಂಪು ಎಂದರೆ ಟಿಬೆಟ್ಟಿನವರು ನೆಲೆ ನಿಂತ ಜಾಗ. ಹಿಮದ ನಾಡನ್ನು ಬಿಟ್ಟು ಬಂದ ಅವರಿಗೆ ಸರ್ಕಾರ ಬೈಲಕುಪ್ಪೆಯ ಕಾಡಿನಲ್ಲಿ ನೆಲ ಕೊಟ್ಟು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ನಮ್ಮೂರಿನ ಮಟ್ಟಿಗೆ ಅವರ ಬಗ್ಗೆ ತಿಳಿದಿದ್ದುದು ಒಂದೇ: ಅವರು ಮಾಂಸ ತಿನ್ನುತ್ತಾರೆ. ಉಳಿದದ್ದನ್ನು ನಾವೇ ಊಹಿಸಿಕೊಂಡಿದ್ದೆವು. ಸೇತುವೆ ದಾಟಿ ಕೊಪ್ಪದಲ್ಲಿ ಬಲಕ್ಕೆ ತಿರುಗಿದರೆ ಅವರ ಜಾಗ. ಅಪ್ಪ ಆ ಕಡೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಹೊಸದಾಗಿ ಉತ್ತ ಕೆಂಪು ಹೊಲಗಳ ನಡುವೆ ಒಂದೇ ತೆರನಾದ ಹೆಂಚಿನ ಮನೆಗಳು. ಗಳುಗಳಿಗೆ ಕಟ್ಟಿದ ಬಣ್ಣದ ಬಟ್ಟೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಎಲ್ಲಿಂದಲೋ ಒಣ ಸೊಪ್ಪು ಸುಟ್ಟ ಪರಿಮಳದ ಹೊಗೆ. ಕೆನ್ನೆ ಕೆಂಪಾದ ಮಕ್ಕಳು ಅಪ್ಪನ ಜುಟ್ಟನ್ನು ನೋಡಿ ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ಅಪ್ಪ ಅವರ ಕಡೆ ನೋಡದೆ ಒಂದೊಂದೇ ಅಂಗಳಕ್ಕೆ ಕಣ್ಣು ಹಾಯಿಸುತ್ತ ನಡೆದರು.

ಕೊನೆಯ ಸಾಲಿನ ಮನೆಯೊಂದರ ಮುಂದೆ ಕೆಂಚಿ ಇದ್ದಳು.

ಬದುಕಿದ್ದಳು. ಆದರೆ ಅವಳನ್ನು ಕಂಡದ್ದೇ ನಾನು ಅಕ್ಕನ ಹಿಂದೆ ಸರಿದೆ. ಅವಳ ಮೈ ತೊಳೆದಿದ್ದರು. ಹಣೆಯ ಮೇಲೆ ಬೆಣ್ಣೆಯ ಮುದ್ದೆ ಮೆತ್ತಿದ್ದರು. ಒಬ್ಬ ಮುದುಕಿ ಅವಳ ಮುಖದ ಹತ್ತಿರ ನಿಂತು ಏನೋ ಗುನುಗುತ್ತಿದ್ದಳು. ಪಕ್ಕದಲ್ಲಿ ಒಬ್ಬ ಯುವಕ ದಬ್ಬಣ ಹಿಡಿದು ಕೆಂಚಿಯ ಕಿವಿಯಲ್ಲಿ ಬಣ್ಣದ ದಾರ ಪೋಣಿಸುತ್ತಿದ್ದ. ಕಿವಿಯ ತುದಿಯಲ್ಲಿ ಒಂದು ಹನಿ ರಕ್ತವಿತ್ತು.

ನಮ್ಮೂರ ಮಾರಿಹಬ್ಬವನ್ನು ನಾವು ನೋಡಿದ್ದೆವು. ಮನೆಯಲ್ಲಿ ಹೋಗಬಾರದೆಂದಿದ್ದರೂ ಬೇಲಿ ಸಂದಿಯಿಂದ ಇಣುಕಿ ನೋಡಿದ್ದೆವು. ಹರಕೆಯ ಆಡಿಗೆ ಮೀಯಿಸಿ, ಅರಿಸಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಕಿವಿಯಲ್ಲಿ ಏನೋ ಹೇಳಿದರೆಂದರೆ ಮುಂದೆ ಏನಾಗುತ್ತದೆಂದು ನಮಗೆ ಗೊತ್ತಿತ್ತು. ಅಕ್ಕ ಅಪ್ಪನ ಪಂಚೆ ಹಿಡಿದುಕೊಂಡು ಸಣ್ಣ ದನಿಯಲ್ಲಿ, “ಅಪ್ಪಾ, ಸಿಂಗಾರ ಮಾಡಿಬಿಟ್ಟಿದಾರೆ” ಎಂದಳು.

ಅಪ್ಪ ಬೇಲಿ ದಾಟಿ ಹೋಗಿ ಕೆಂಚಿಯ ಕತ್ತನ್ನು ಎರಡೂ ಕೈಯಲ್ಲಿ ತಬ್ಬಿ ನಿಂತುಬಿಟ್ಟರು. ಮಂತ್ರ ಹೇಳಿ ಪಳಗಿದ ಅವರ ದೊಡ್ಡ ದನಿ ಆಗ ಎಲ್ಲಿ ಹೋಗಿತ್ತೋ. “ಇವಳನ್ನ ಬಿಡಿ,” ಎಂದಷ್ಟೇ ಹೇಳಿದರು. “ನನ್ನ ಮನೆಯವಳು. ಬಿಟ್ಟುಬಿಡಿ.”

ಯುವಕ ದಬ್ಬಣ ಕೆಳಗಿಟ್ಟ. ಅವನಿಗೆ ಒಂದಿಷ್ಟು ಕನ್ನಡ ಬರುತ್ತಿತ್ತು. ಅಪ್ಪನನ್ನೂ ಅಳುತ್ತಿದ್ದ ಅಕ್ಕನನ್ನೂ ನೋಡಿ, ಸ್ವಲ್ಪ ಹೊತ್ತು ಪದ ಹುಡುಕಿದ.

“ಬಿಟ್ಟಿದೀವಿ,” ಎಂದ. “ಅಜ್ಜಿ ಬಿಟ್ಟಾಯ್ತು. ಕಡಿಯೋದು ಇಲ್ಲ. ಈ ದಾರ ಇದ್ರೆ ಯಾರೂ ಕಡಿಯೋದು ಇಲ್ಲ, ಮಾರೋದು ಇಲ್ಲ. ಸಾಯೋ ತನಕ ಹುಲ್ಲು ತಿನ್ನೋದು, ಅಷ್ಟೇ ಕೆಲಸ.”

ಅಪ್ಪನ ಕೈ ಸಡಿಲವಾಯಿತು, ಆದರೆ ಅವರು ಕತ್ತು ಬಿಡಲಿಲ್ಲ. ಯುವಕ ಬಿಡಿಸಿ ಹೇಳಿದ. ಮುದುಕಿಯ ಗಂಡ ಕೆಮ್ಮಿನಿಂದ ಮಲಗಿದ್ದಾನೆ. ಅವರ ನಾಡಿನಲ್ಲಿ ಒಬ್ಬರ ಆಯಸ್ಸು ಬೇಡಬೇಕಾದರೆ ಸಾಯಲು ಹೊರಟ ಇನ್ನೊಂದು ಜೀವವನ್ನು ಬಿಡಿಸಬೇಕು. ಅಲ್ಲಿ ಕುರಿಯನ್ನೋ ಚಮರೀಮೃಗವನ್ನೋ ಬಿಡಿಸುತ್ತಿದ್ದರು. ಇಲ್ಲಿ ಸಂತೆಗೆ ಹೋಗಿದ್ದಾಗ, ಘಟ್ಟ ಇಳಿಯಲಿರುವ ಹಿಂಡಿನಲ್ಲಿ ಎಲ್ಲಕ್ಕಿಂತ ಮುದಿ ಹಸು ಮುದುಕಿಯ ಕಣ್ಣಿಗೆ ಬಿದ್ದಿತ್ತು. ಬಣ್ಣದ ದಾರ ಅದರ ಗುರುತು.

ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ತುಂಬ ಹೊತ್ತು ನಿಲ್ಲದ ಕೆಮ್ಮು. ಮುದುಕಿ ಬಾಗಿಲ ಕಡೆ ತಿರುಗಿದಳು.

ಅಪ್ಪ ಕೊನೆಗೆ ಮಾತಾಡಿದಾಗ ಅವರ ದನಿ ಬದಲಾಗಿತ್ತು. “ನಮ್ಮಲ್ಲಿ ದೇವರ ಹೆಸರಲ್ಲಿ ಬಸವನ್ನ ಬಿಡ್ತೀವಿ. ಅದನ್ನ ಯಾರೂ ಕಟ್ಟೋದಿಲ್ಲ, ಹೊಡೆಯೋದಿಲ್ಲ. ಇದೂ ಹಾಗೇನಾ?” ಎಂದು ಕೇಳಿದರು. ಸಂತೆಬೀದಿಯಲ್ಲಿ ಯಾರ ಅಂಗಡಿಯ ಬೆಲ್ಲಕ್ಕೂ ಬಾಯಿ ಹಾಕಿ ಓಡಾಡುತ್ತಿದ್ದ ಬಸವನನ್ನು ಯುವಕ ನೋಡಿದ್ದನಂತೆ. ನಕ್ಕು ಮುದುಕಿಗೆ ಅದನ್ನೇ ಹೇಳಿದ. ಅವಳೂ ನಕ್ಕಳು. ಅವಳ ಮುಖದ ಗೆರೆಗಳೆಲ್ಲ ಒಟ್ಟಿಗೆ ಕದಲಿದವು.

ಆದರೂ ಒಂದು ತೊಡಕಿತ್ತು. ಹಸು ನಮ್ಮದು, ಹರಕೆ ಅವಳದು. ಅಪ್ಪ ಬೆಲೆ ಕೊಡುತ್ತೇನೆಂದಾಗ ಮುದುಕಿ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಹಣ ವಾಪಸು ಪಡೆದರೆ ಬಿಟ್ಟ ಜೀವವನ್ನು ಮತ್ತೆ ಮಾರಿದ ಹಾಗಾಗುತ್ತದೆಂದು ಯುವಕ ಹೇಳಿದ. ಅವಳು ಕೇಳಿದ್ದು ಒಂದೇ ಮಾತು. ಅಪ್ಪ ಅಲ್ಲೇ ಕೆಂಚಿಯ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: “ಈ ದಾರ ನಾನು ಬಿಚ್ಚೋದಿಲ್ಲ. ಇವಳು ಸಾಯೋ ತನಕ ನನ್ನ ಕೊಟ್ಟಿಗೆಯಲ್ಲೇ ಇರ್ತಾಳೆ. ಯಾರಿಗೂ ಕೊಡೋದಿಲ್ಲ.”

ಎಷ್ಟೋ ತಿಂಗಳಿಂದ ಹೂಂ ಎನ್ನದೆ, ಉಹೂಂ ಎನ್ನದೆ ಉಳಿಸಿಕೊಂಡಿದ್ದ ಉತ್ತರವನ್ನು ಅಪ್ಪ ಹೀಗೆ ಪರವೂರಿನ ಅಂಗಳದಲ್ಲಿ ಕೊಟ್ಟರು. ನಾನು ಹತ್ತಿರ ಹೋಗಿ ನೆಲದ ಮೇಲೆ ಕುಳಿತುಬಿಟ್ಟೆ. ಕೆಂಚಿ ನನ್ನ ತಲೆಗೂದಲನ್ನು ಮೂಸಿ, ರುಚಿಯಿಲ್ಲವೆಂದು ಬಿಟ್ಟಳು.

ಹೊರಡುವ ಮುಂಚೆ ಮುದುಕಿ ಚಹಾ ತಂದಳು. ಬೆಣ್ಣೆ ಹಾಕಿದ ಉಪ್ಪಿನ ಚಹಾ. ಸಾರು ಎಂದುಕೊಂಡು ಕುಡಿದರೆ ಚೆನ್ನಾಗಿಯೇ ಇತ್ತು. ಅಪ್ಪ ಹೊರಗೆ ಎಲ್ಲಿಯೂ ನೀರನ್ನೂ ಮುಟ್ಟುವವರಲ್ಲ. ಅವರು ಆ ಬಟ್ಟಲನ್ನು ಆರುವವರೆಗೆ ಸುಮ್ಮನೆ ಹಿಡಿದುಕೊಂಡಿದ್ದರೆಂದು ನನ್ನ ನೆನಪು. “ಕುಡಿದ್ರು ಕಣೋ, ನಾನೇ ನೋಡ್ದೆ, ಮೀಸೆಗೆ ಬೆಣ್ಣೆ ಅಂಟಿತ್ತು” ಎನ್ನುತ್ತಾಳೆ ಅಕ್ಕ. ಅಪ್ಪನಿಗೆ ಮೀಸೆಯೇ ಇರಲಿಲ್ಲ ಎಂದೆ. “ಹಂಗಾದ್ರೆ ತುಟಿಗೆ” ಎಂದಳು.

ವಾಪಸು ಬರುವಾಗ ಸೇತುವೆಯ ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ಕಾವೇರಿ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಕೆಂಚಿಯ ಗೊರಸಿನ ಟಕ್ ಟಕ್ ಸದ್ದು ಕೇಳುತ್ತ ನಡೆಯುವುದೇ ಒಂದು ಸುಖವಾಗಿತ್ತು. ಅವರ ಗುಡಿಯಲ್ಲಿ ಯಾವ ದೇವರಿದ್ದಾನೆಂದು ನಾನು ಕೇಳಿದೆ. ಬುದ್ಧ ಎಂದರು ಅಪ್ಪ. ಸ್ವಲ್ಪ ದೂರ ನಡೆದು, ತಮ್ಮಷ್ಟಕ್ಕೇ ಎಂಬಂತೆ, “ದಿನಾ ಬೆಳಿಗ್ಗೆ ಅವನ ಹೆಸರು ಹೇಳ್ತೀನಲ್ಲ” ಎಂದರು.

ಬುದ್ಧನ ಬಗ್ಗೆ ನಾನು ಸರಿಯಾಗಿ ಓದಿದ್ದು ಮುಂದೆ ಮೈಸೂರಿನಲ್ಲಿ ಇತಿಹಾಸದ ವಿದ್ಯಾರ್ಥಿಯಾದಾಗ. ಗಂಗೆಯ ಬಯಲಿನಲ್ಲಿ ಒಬ್ಬ ಹೇಳಿದ ಮಾತನ್ನು ಭಿಕ್ಷಾಪಾತ್ರೆ ಹಿಡಿದವರು ಕಾಲ್ನಡಿಗೆಯಲ್ಲೇ ಊರೂರಿಗೆ ಒಯ್ದರು. ಹಡಗು ಹತ್ತಿ ಸಿಂಹಳಕ್ಕೆ ಹೋದರು, ವ್ಯಾಪಾರಿಗಳ ಒಂಟೆಸಾಲಿನೊಡನೆ ಚೀನಾಕ್ಕೆ, ಅಲ್ಲಿಂದ ಕೊರಿಯಾ, ಜಪಾನಿಗೆ, ಹಿಮದ ಕಣಿವೆಗಳನ್ನು ದಾಟಿ ಟಿಬೆಟ್ಟಿಗೆ. ಹೋದ ಕಡೆಯಲ್ಲೆಲ್ಲ ಬುದ್ಧನ ಮುಖ ಆ ನಾಡಿನವರ ಮುಖದಂತಾಯಿತು. ಚೀನಾ, ಜಪಾನಿನ ಕಡೆ ಮೀನು, ಆಮೆ, ಹಕ್ಕಿಗಳನ್ನು ಕೊಂಡು ಬಿಡುವುದು ವ್ರತವಾಯಿತು; ಟಿಬೆಟ್ಟಿನಲ್ಲಿ ಕಿವಿಗೆ ದಾರ ಕಟ್ಟಿದರು. ಜೀವಿಗಳ ಮೇಲೆ ದಯೆಯಿರಲಿ ಎಂದು ಅಶೋಕ ಕೆತ್ತಿಸಿದ ಬಂಡೆ ನಮ್ಮ ಚಿತ್ರದುರ್ಗದ ಸೀಮೆಯಲ್ಲೇ ಇದೆ. ನಮ್ಮ ನೆಲದಲ್ಲಿ ಆ ಧರ್ಮ ಕಾಲಕ್ರಮೇಣ ಕ್ಷೀಣಿಸಿತು. ದೂರದ ಸೀಮೆಗೆ ಕೊಟ್ಟ ಮಗಳು ಎಷ್ಟೋ ತಲೆಮಾರಿನ ಮೇಲೆ ತವರಿಗೆ ಬಂದ ಹಾಗೆ ಅದು ಬೈಲಕುಪ್ಪೆಗೆ ಬಂತು. ನಾವು ಗುರುತು ಹಿಡಿಯಲಿಲ್ಲ.

ಇಷ್ಟನ್ನೆಲ್ಲ ಓದಿದ ಮೇಲೆ ಆ ದಿನವನ್ನು ನಾನು ಹೆಚ್ಚು ಚೆಂದ ಮಾಡಿಕೊಂಡಿದ್ದೇನೆಯೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ದಾರದ ಬಣ್ಣಗಳನ್ನೂ ಈಗ ನಂಬುವುದಿಲ್ಲ. ನನಗೆ ಕೆಂಪು ಹಳದಿ, ಅಕ್ಕನಿಗೆ ನೀಲಿಯೂ ಇತ್ತು. ಆದರೆ ಆ ಮುದುಕಿ ಸಂತೆಗೆ ಬಂದಾಗಲೆಲ್ಲ ನಮ್ಮ ಬೇಲಿಯ ಬಳಿ ನಿಲ್ಲುತ್ತಿದ್ದುದರಲ್ಲಿ ನಮಗಿಬ್ಬರಿಗೂ ಅನುಮಾನವಿಲ್ಲ. ಕೆಂಚಿಯ ಹಣೆಗೆ ಹಣೆ ತಾಗಿಸಿ, ದಾರ ಸವೆದಿದ್ದರೆ ಹೊಸದು ಕಟ್ಟಿ ಹೋಗುತ್ತಿದ್ದಳು. ಒಂದು ದೀಪಾವಳಿಯ ಆಸುಪಾಸಿನಲ್ಲಿ ಅವಳ ಜೊತೆ ಕೋಲೂರಿಕೊಂಡು ಒಬ್ಬ ಮುದುಕನೂ ಬಂದ. ಕೆಮ್ಮುತ್ತಲೇ ಇದ್ದ, ಆದರೆ ನಡೆದು ಬಂದಿದ್ದ. ಅಪ್ಪ ಅವನನ್ನು ಜಗಲಿಯ ಮೇಲೆ ಕೂರಿಸಿದರು. ಊರಿನ ಕೆಲವರು ಆಡಿಕೊಂಡರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಂಚಿ ನಮ್ಮ ಕೊಟ್ಟಿಗೆಯಲ್ಲೇ ವಯಸ್ಸಾಗಿ ಸತ್ತಳು, ದಾರ ಸಮೇತ.

ನಿಮಗೆ ಆ ಸೇತುವೆ ಕಾರಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ರಜೆ ಬಂದರೆ ಬಂಗಾರದ ಬುದ್ಧರಿರುವ ದೊಡ್ಡ ಗುಡಿಗೆ ಹೋಗಿ ಫೋಟೊ ತೆಗೆಸಿಕೊಳ್ಳುತ್ತೀರಿ, ಮೊಮೊ ತಿಂದು ಖಾರಕ್ಕೆ ಬಾಯಿ ಬಿಡುತ್ತೀರಿ. ಮೊನ್ನೆ ನಿಮ್ಮ ಶಾಲೆಯ ಗೆಳತಿ ಕ್ಯಾಂಪಿನಿಂದ ಮನೆಗೆ ಬಂದಾಗ, ನಮ್ಮ ಅಡುಗೆಯ ನಂಜಮ್ಮನಿಗಿಂತ ಸ್ಪಷ್ಟವಾಗಿ ಕನ್ನಡ ಮಾತಾಡಿ, ಇನ್ನೊಂದು ಕಡುಬು ಕೇಳಿ ಹಾಕಿಸಿಕೊಂಡಳು. ನೀವು ಯಾರೂ ಅದನ್ನು ವಿಶೇಷವೆಂದು ಗಮನಿಸಲಿಲ್ಲ. ನಾನೊಬ್ಬನೇ ಗಮನಿಸಿದೆ. ನಿರಾಳವಾಯಿತು.

ಅಪ್ಪನ ಸಂಕಲ್ಪದ ಬಗ್ಗೆ ಒಂದು ಮಾತು ಉಳಿಯಿತು. ಕೆಂಚಿ ಮರಳಿ ಬಂದ ಮಾರನೆಯ ಬೆಳಿಗ್ಗೆ ನಾನು ಗುಡಿಯ ಬಾಗಿಲಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದೆ. ‘ಬೌದ್ಧಾವತಾರೇ’ ಎನ್ನುವ ಹತ್ತಿರ ಬಂದಾಗ ಅಪ್ಪ ಒಂದು ಉಸಿರಿನಷ್ಟು ನಿಂತರು. ಅಥವಾ ಅವರು ನಿಲ್ಲಲಿಲ್ಲ, ನಾನೇ ಆ ಮಾತಿಗಾಗಿ ಕಾಯುತ್ತಿದ್ದೆ. ಇದನ್ನು ಮಾತ್ರ ಅಕ್ಕನನ್ನು ಕೇಳಿಲ್ಲ. ಅವಳು ಆಗ ಕೊಟ್ಟಿಗೆಯಲ್ಲಿದ್ದಳು, ಕೆಂಚಿಗೆ ಹುಲ್ಲು ಹಾಕುತ್ತ.