ಗಾದಿಲಿಂಗಪ್ಪನವರು ನೀರು ನಿಲ್ಲಿಸಿದ್ದು

ಕೃಷಿ ವಿಶ್ವವಿದ್ಯಾಲಯದ ತೋಟಗಾರಿಕೆ ತಜ್ಞ ಗಾದಿಲಿಂಗಪ್ಪನವರಷ್ಟು ಅಂಜುಬುರುಕ ಅಧಿಕಾರಿಯನ್ನು ನಮ್ಮ ಕಡೆ ನಾನು ಕಂಡಿಲ್ಲ. ಕೂಡ್ಲಿಗಿಯ ಕೂಲಿಯವರ ಮನೆಯಿಂದ ಓದಿ ಬಂದವರು. ಕುರಿಹಟ್ಟಿಯ ನಾಯಿ ಬೊಗಳಿದರೆ ನನ್ನ ಹಿಂದೆ ನಿಲ್ಲುತ್ತಿದ್ದರು. ಹಣ್ಣಿನ ವ್ಯಾಪಾರಿಯಾದ ನನ್ನ ಮೈಯೂ ಮರೆಯಾಗಲು ಸಾಕಷ್ಟಿತ್ತು. ಆದರೂ ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಂದು ಸಿಕ್ಕ ಬಸ್ಸು ಹತ್ತಿ ತೋಟ ತೋಟ ಅಲೆಯುತ್ತಿದ್ದರು.

ಎಂಬತ್ತೆರಡನೇ ಇಸವಿಯಲ್ಲಿ ಅವರು ತಂಬ್ರಹಳ್ಳಿಯ ಜಂಬಕ್ಕನಿಗೆ ಹೇಳಿದ್ದನ್ನು ಕೇಳಿ ನನಗೇ ಬೆವರು ಬಂತು. ಗಂಡ ತೀರಿಕೊಂಡ ಮೇಲೆ ಆಕೆ ಜೋಳ ಬಿಟ್ಟು, ಇವರನ್ನು ನಂಬಿ ದಾಳಿಂಬೆ ಹಾಕಿದ್ದಳು. ತೋಟ ಕೆಟ್ಟರೆ ಹೊಲವನ್ನು ಮೈದುನ ಚೌಡಣ್ಣನ ಸಾಗುವಳಿಗೆ ಬಿಡುವುದಾಗಿ ಹಿರಿಯರ ಮುಂದೆ ಒಪ್ಪಿದ್ದಳು. ಗಿಡಗಳೋ ವರ್ಷವಿಡೀ ಇಲ್ಲೊಂದು ಅಲ್ಲೊಂದು ಕಾಯಿ ಬಿಡುತ್ತಿದ್ದವು, ಒಂದು ಗಾಡಿಗೂ ಸಾಲದಷ್ಟು.

"ನೀರು ಪೂರ್ತಿ ನಿಲ್ಲಸ್ರಿ ಅಕ್ಕಾ. ಎಲಿ ಉದುರ್ಲಿ. ಆಮ್ಯಾಲೆ ಗೊಬ್ಬರ ಹಾಕಿ ನೀರು ಬಿಟ್ರ ಎಲ್ಲಾ ಗಿಡ ಒಮ್ಮಿಗೇ ಹೂವು ಬಿಡ್ತಾವ" ಎಂದರು.

ಜಂಬಕ್ಕ ಪಂಪ್‌ಸೆಟ್ಟು ನಿಲ್ಲಿಸಿದಳು. ತಿಂಗಳು ಬಿಟ್ಟು ನಾವಿಬ್ಬರೂ ಹೋದಾಗ ತೋಟ ಮುಳ್ಳುಬೇಲಿಯ ಹಾಗಿತ್ತು. ಹಸಿರೆಲೆ ಒಂದೂ ಇಲ್ಲ.

ಚೌಡಣ್ಣ ಬದುವಿನ ಮೇಲೆ ಕೂತಿದ್ದ. "ಬರ್ರಿ ಸಾಹೇಬ್ರ. ಕಟಿಗಿ ಒಯ್ಯಾಕ ಬಂದ್ರೇನು? ಗಾಡಿ ಕಾಣವಲ್ದು!"

ಗಾದಿಲಿಂಗಪ್ಪನವರು ಉಗುರಿನಿಂದ ತೊಗಟೆ ಕೆರೆದು, "ಒಳಗ ಹಸರೈತಿ, ಜೀವ ಐತಿ" ಎಂದರು.

ಜಂಬಕ್ಕ ಕೂತುಕೊಳ್ಳಿ ಎನ್ನಲಿಲ್ಲ. ಹೊಲದ ಮೂಲೆಯಲ್ಲಿದ್ದ ಗಾಳೆಮ್ಮ ದೇವಿಯ ಕಲ್ಲು ತೋರಿಸಿದಳು. "ಅದನ್ನ ಮುಟ್ಟಿ ಆಣಿ ಮಾಡ್ರಿ, ಗಿಡ ಚಿಗೀತಾವ ಅಂತ."

ಅವರು ಕೈ ಚಾಚಿ, ಹಿಂದಕ್ಕೆಳೆದುಕೊಂಡರು. "ಆಣಿ ಮಾಡಾಕ ಬರಂಗಿಲ್ಲಕ್ಕಾ. ನೂರಕ್ಕ ತೊಂಬತ್ತು ಚಿಗೀತಾವ."

"ಉಳಿದ ಹತ್ತು ಯಾವು? ತೋರಸ್ರಿ."

ಇಂಥ ಪ್ರಶ್ನೆಯಿಂದ ಜಾರಿಕೊಳ್ಳುವ ಮಾತು ನನ್ನ ನಾಲಗೆಯಲ್ಲಿ ಸದಾ ಇರುತ್ತದೆ. ಅವರಲ್ಲಿ ಇರಲಿಲ್ಲ. ತೋಟದ ಉದ್ದಗಲ ಕಣ್ಣಾಡಿಸಿ, "ಒಂದು ಹಾರಿ ಕೊಡ್ರಿ" ಎಂದರು.

ಕೆಳಗಿನ ಸಾಲುಗಳಲ್ಲಿ ಅಗೆದಾಗ ಕರಿಮಣ್ಣು ಆಳವಾಗಿತ್ತು. ಮೇಲಿನ ಇಳಿಜಾರಿನಲ್ಲಿ ಮೊಳದೊಳಗೇ ಹಾರೆ ಠಣ್ಣೆಂದಿತು. ಬಂಡೆ. ಗಾದಿಲಿಂಗಪ್ಪನವರು ಗುಂಡಿಗೆ ಕೈಹಾಕಿ ಬಂಡೆಯನ್ನು ತಡವಿದರು.

"ಇಲ್ಲಿ ಮಣ್ಣೇ ಇಲ್ಲ, ತೇವ ನಿಲ್ಲಂಗಿಲ್ಲ. ನಾ ಮೊದ್ಲೇ ನೋಡಬೇಕಿತ್ತು. ಮ್ಯಾಲಿನ ಸಾಲಿಗೆ ಈಗಿಂದೀಗ ನೀರು ಬಿಡ್ರಿ. ಕೆಳಗಿನವು ಇನ್ನೊಂದು ವಾರ ತಡೀಲಿ."

"ಅವತ್ತು ನಿಲ್ಲಸ್ರಿ, ಇವತ್ತು ಬಿಡ್ರಿ. ನಾಳೆ ಕೀಳ್ರಿ ಅಂತೀರೇನು?" ಚೌಡಣ್ಣ ನಕ್ಕ.

ಜಂಬಕ್ಕ ಆ ಗುಂಡಿಯನ್ನೊಮ್ಮೆ ನೋಡಿ ಪಂಪ್‌ಸೆಟ್ಟು ಹಾಕಲು ಬಾವಿಯತ್ತ ನಡೆದಳು.

ಆಮೇಲೆ ಗಾದಿಲಿಂಗಪ್ಪನವರು ದಿನವೂ ಮೊದಲ ಬಸ್ಸಿಗೆ ಬರುತ್ತಿದ್ದರು. ಉಣ್ಣುವುದು ಮರೆತರು, ತೊಗಟೆ ಕೆರೆಯುವುದು ಮರೆಯಲಿಲ್ಲ. "ಗಿಡದ ಚರ್ಮ ಒಂದೀಟು ಉಳಸ್ರಿ ಸಾಹೇಬ್ರ" ಎಂದು ನಾನು ಚೇಷ್ಟೆ ಮಾಡಿದರೂ ನಗಲಿಲ್ಲ. ಕೆಳಗಿನ ಸಾಲುಗಳಿಗೂ ನೀರು ಬಿಟ್ಟಾಯಿತು, ಚಿಗುರಿನ ಸುಳಿವಿಲ್ಲ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ತೋಳು ಹಿಡಿದು ಕೇಳಿದರು: "ನಮ್ಮಪ್ಪ ಇಂಥಾ ಹೊಲದಾಗ ಕೂಲಿ ಮಾಡ್ಯಾನ್ರಿ. ಆಕಿ ಹೊಲ ನನ್ನ ಮಾತಿನಿಂದ ಹೋದ್ರ?"

ಒಂದು ಬೆಳಿಗ್ಗೆ ಕೊಂಬೆಗಳ ತುದಿಯಲ್ಲಿ ಕೆಂಪು ಮೊಳಕೆ ಕಂಡಿತು. ಅವರು ಮುಟ್ಟಲಿಲ್ಲ, ಮುಟ್ಟಿದರೆ ಒಳಹೋದೀತೆಂಬ ಹೆದರಿಕೆ. ಕೆಲವೇ ವಾರಗಳಲ್ಲಿ ತೋಟಕ್ಕೆ ಬೆಂಕಿ ಬಿದ್ದಂತೆ ಹೂವು. ಮೇಲಿನ ಸಾಲಿನಲ್ಲಿ ಕೆಲವು ಎದ್ದವು, ಕೆಲವು ಏಳಲೇ ಇಲ್ಲ. ಕಾಯಿ ಗಾಡಿ ತುಂಬಿತು, ಹೊಲ ಜಂಬಕ್ಕನಿಗೆ ಉಳಿಯಿತು. ಚೌಡಣ್ಣ ಬದುವಿನ ಮೇಲೆ ಕೂರುವುದು ಬಿಟ್ಟ. ಆ ದಶಕ ಮುಗಿಯುವವರೆಗೂ ನಮ್ಮ ತಾಲೂಕುಗಳಲ್ಲಿ ಗಾದಿಲಿಂಗಪ್ಪನವರು ಮಣ್ಣು ಅಗೆದು ನೋಡದೆ ಯಾರ ತೋಟದಲ್ಲೂ ಬಾಯಿ ತೆರೆಯಲಿಲ್ಲ.

ಆ ವರ್ಷದ ಬೆಳೆ ಮುಗಿದಾಗ, ಒಣಗಿದ ಗಿಡಗಳನ್ನು ಜಂಬಕ್ಕ ತಾನೇ ಕಡಿದು ಒಟ್ಟಿದ್ದಳು. "ಇವ ನೋಡ್ರಿ, ಅವತ್ತು ನಾ ಕೇಳಿದ ಆ ಹತ್ತು" ಎಂದು ತೋರಿಸಿ, ಅವರಿಗೆ ಮಜ್ಜಿಗೆ ಕೊಟ್ಟಳು. "ಬರೋ ವರ್ಷ ನೀರು ಯಾವಾಗ ನಿಲ್ಲಿಸ್ಲಿ?"

ಅವರು ಮಜ್ಜಿಗೆಯ ತಂಬಿಗೆ ಕೆಳಗಿಟ್ಟರು. ಆಣೆ ಕೇಳಿದ ದಿನವೂ ಅವರ ಮುಖ ಅಷ್ಟು ಬಿಳಿಚಿರಲಿಲ್ಲ.

"ನಾನೇ ಬರ್ತೀನಕ್ಕಾ" ಎಂದರು. "ನಾ ಬರೋತನಕ ಯಾರ ಮಾತೂ ಕೇಳಬ್ಯಾಡ್ರಿ. ನಂದೂ ಕೇಳಬ್ಯಾಡ್ರಿ."