ಹತ್ತನೇ ಸ್ವಿಚ್ಚು

ಕಳೆದ ವಾರ ನಮ್ಮ ಶಾಲೆಯ ಸ್ಟಾಫ್ ರೂಮಿನ ವೈರಿಂಗ್ ಬದಲಾಯಿಸಿದರು. ಕಿತ್ತು ಹಾಕಿದ ಹಳೇ ಕಪ್ಪು ಸ್ವಿಚ್ಚೊಂದು ನನ್ನ ಮೇಜಿನ ಮೇಲೆ ಬಿದ್ದಿತ್ತು. ಸುಮ್ಮನೆ ಒತ್ತಿದೆ. ಟಕ್ ಎಂದಿತು. ಅಷ್ಟಕ್ಕೇ ಅಂಗೈ ಬೆವರಿತು ನೋಡಿ... ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ನನಗೆ!

ಕೊಪ್ಪದಲ್ಲಿ ಬಿ.ಎಡ್. ಓದುತ್ತಿದ್ದ ಕಾಲ ಅದು. ಶೃಂಗೇರಿ ಕಡೆಯ ಅಡ್ಡಗದ್ದೆಯಿಂದ ಮೊದಲ ಬಸ್ಸಿಗೆ ಹೊರಡುತ್ತಿದ್ದ ನನಗೆ ಬೆಳಗಿನ ತಿಂಡಿ ಎಂಬುದೇ ಇರಲಿಲ್ಲ. ಅದನ್ನು ಗಮನಿಸಿದವರು ಕಾಲೇಜಿನ ಅಟೆಂಡರು. ಭಂಡಿಗಡಿ ಎಂಬ ಊರಿನವರು, ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಕೋಣೆಗಳ ಬೀಗ ತೆಗೆದು, ಗುಡಿಸಿ, ತಮ್ಮ ಡಬ್ಬಿಯ ಮುಚ್ಚಳಕ್ಕೆ ಅರ್ಧ ಅವಲಕ್ಕಿ ಹಾಕಿ ನನ್ನತ್ತ ತಳ್ಳುತ್ತಿದ್ದರು. "ತಿನ್ನಿ ಮಾರಾಯ್ರೆ, ಹಸ್ಕೊಂಡು ಕೂತ್ರೆ ಪಾಠ ಎಲ್ಲಿ ತಲೆಗೆ ಹೋಗ್ತದೆ?" ಇಡೀ ವರ್ಷ ಹಾಗೆ ತಿಂದಿದ್ದೇನೆ.

ನಮ್ಮ ಮನಃಶಾಸ್ತ್ರದ ಮೇಷ್ಟ್ರಿಗೆ ಒಂದು ಹುಚ್ಚು ಹಿಡಿಯಿತು. ಮೇಲಿನವರು ಹೇಳಿದರೆಂದು ಮನುಷ್ಯ ಇನ್ನೊಬ್ಬನಿಗೆ ಎಷ್ಟು ನೋವು ಕೊಟ್ಟಾನು ಎಂದು ಹೊರದೇಶದಲ್ಲಿ ಹಿಂದೆಂದೋ ಪರೀಕ್ಷೆ ಮಾಡಿದ್ದರಂತೆ. ಅದನ್ನು ನಮ್ಮ ಮೇಲೂ ಮಾಡಿ ನೋಡುವ ಹುಚ್ಚು. ನಮಗೆ ಮಾತ್ರ ಇದು ನೆನಪಿನ ಶಕ್ತಿಯ ಪ್ರಯೋಗ ಎಂದರು. ಪಕ್ಕದ ಕೋಣೆಯಲ್ಲಿ ಅಣ್ಣ. ನಮ್ಮ ಮುಂದೆ ಒಂದು ಹಲಗೆ, ಅದರ ಮೇಲೆ ಹತ್ತು ಕಪ್ಪು ಸ್ವಿಚ್ಚು. ನಾವು ಪ್ರಶ್ನೆ ಓದಬೇಕು. ಅಣ್ಣ ಉತ್ತರ ತಪ್ಪಿದಾಗಲೆಲ್ಲ, ಉತ್ತರ ಕೊಡದಿದ್ದಾಗಲೂ, ಮುಂದಿನ ಸ್ವಿಚ್ಚು ಒತ್ತಬೇಕು. ಪ್ರತಿ ಸಲವೂ ಅವರಿಗೆ ಹೊಡೆಯುವ ಕರೆಂಟು ಸ್ವಲ್ಪ ಜಾಸ್ತಿ. ಒಬ್ಬೊಬ್ಬರನ್ನೇ ಒಳಗೆ ಕರೆದರು.

ಐದನೆಯದಕ್ಕೆ ಗೋಡೆಯಾಚೆಯಿಂದ ಕೂಗು ಬಂತು. "ಅಯ್ಯೋ, ಸಾಕು ಮಾರಾಯ್ರೆ! ಎದೆ ಹಿಡ್ಕಳ್ತಾ ಇದೆ!"

"ಸಾರ್, ನಿಲ್ಲಿಸ್ಲಾ?" ಎಂದೆ. ಬೆನ್ನ ಹಿಂದೆ ನಿಂತಿದ್ದ ಮೇಷ್ಟ್ರು ದನಿ ಏರಿಸಲೂ ಇಲ್ಲ. "ಮುಂದುವರಿಸಿ. ಜವಾಬ್ದಾರಿ ನಂದು."

ಒತ್ತಿದೆ. ಎಂಟರ ನಂತರ ಆ ಕಡೆಯಿಂದ ಸದ್ದೇ ಇಲ್ಲ. ಆಗಲೂ ಒತ್ತಿದೆ... ಹತ್ತನೆಯದನ್ನೂ. ಮಾರ್ಕ್ಸು ಮೇಷ್ಟ್ರ ಕೈಯಲ್ಲಿತ್ತಲ್ಲ ಎಂದು ಆಮೇಲೆ ನನಗೆ ನಾನೇ ಸಬೂಬು ಹೇಳಿಕೊಂಡೆ. ಎಂಥದೂ ಇಲ್ಲ, ಆ ಹೊತ್ತಿಗೆ ಮಾರ್ಕ್ಸು ನೆನಪೇ ಆಗಿರಲಿಲ್ಲ. ನನ್ನ ಸಹಪಾಠಿಯೊಬ್ಬಳು ಆರನೆಯದಕ್ಕೇ "ನನ್ನ ಕೈಲಾಗಲ್ಲ" ಎಂದು ಎದ್ದು ಹೊರಟುಬಿಟ್ಟಿದ್ದಳು. ಅವಳನ್ನೇನೂ ಯಾರೂ ನೇಣಿಗೆ ಹಾಕಲಿಲ್ಲ.

ಎಲ್ಲರದೂ ಮುಗಿದ ಮೇಲೆ ಮೇಷ್ಟ್ರು ನಮ್ಮನ್ನು ಕೂರಿಸಿಕೊಂಡು ನಕ್ಕರು. ಕರೆಂಟೇ ಇರಲಿಲ್ಲವಂತೆ, ಕೂಗಿದ್ದೆಲ್ಲ ನಾಟಕವಂತೆ. ನಾವೂ ನಕ್ಕೆವು, ಜೀವ ಬಂದ ಹಾಗಾಗಿತ್ತು. ಹೀಗೆ ಮಾಡಲೇ ಎಂದು ನಮ್ಮನ್ನು ಕೇಳಿರಲಿಲ್ಲ. ಅಣ್ಣನನ್ನೂ ಕೇಳಿರಲಿಲ್ಲ, ಕೂಗು ಎಂದಿದ್ದರು, ಅಷ್ಟೆ. ಅಣ್ಣ ಬಾಗಿಲ ಬಳಿ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದರು.

ಮರುದಿನ ಬೆಳಿಗ್ಗೆ ಎಂದಿನಂತೆ ಮುಚ್ಚಳ ನನ್ನತ್ತ ತಳ್ಳಿದರು. ಹಿಂದಿನ ದಿನ ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು. "ಒಂದು ಕೇಳ್ಲಾ? ಓದಿದ್ದು ನಿಮ್ಮ ದನಿ ಅಂತ ಗೊತ್ತಾಯ್ತು. ಹತ್ತನೇದು ಒತ್ತುವಾಗ ನಿಮ್ಗೆ ಇದು ಸುಳ್ಳು ಅಂತ ಗೊತ್ತಿತ್ತಾ?"

ಬಾಯಲ್ಲಿ ಅವರದೇ ಅವಲಕ್ಕಿ. "ಗೊತ್ತಿತ್ತಣ್ಣ" ಎಂದೆ.

ಅವರ ಮುಖ ಸಡಿಲಾಯಿತು. "ಅದೇ ನೋಡಿ! ಮನೇಲೂ ಅದೇ ಹೇಳ್ದೆ. ಗೊತ್ತಿಲ್ದೆ ಒತ್ತೋ ಜನ ಅಲ್ಲ ನೀವು." ಡಬ್ಬಿಯಲ್ಲಿ ಉಳಿದದ್ದನ್ನೂ ನನ್ನ ಮುಚ್ಚಳಕ್ಕೇ ಸುರಿದರು.

ಆಮೇಲೆ ನೌಕರಿ, ವರ್ಗಾವಣೆ, ಈಗ ನರಸಿಂಹರಾಜಪುರ... ಮೇಲಿನಿಂದ ಬಂದ ಆದೇಶಗಳಿಗೆಲ್ಲ ತಲೆಯಾಡಿಸಿ ಆಡಿಸಿ ಸುಸ್ತಾಗಿದ್ದೇನೆ. ಈಗ ಇಂಥ ಪ್ರಯೋಗಕ್ಕೆ ಒಪ್ಪಿಗೆ ಪತ್ರ ಬೇಕಂತೆ, ಬೇಡವೆನಿಸಿದರೆ ಎದ್ದು ಹೋಗಬಹುದು ಎಂದು ಮೊದಲೇ ತಿಳಿಸಬೇಕಂತೆ. ಒಳ್ಳೆಯದೇ. ಸ್ವಿಚ್ಚು ಒತ್ತಿಸಿದ್ದಕ್ಕೆ ಮೇಷ್ಟ್ರನ್ನು ಬೈಯಬಹುದು, ಬೈದಿದ್ದೇನೆ ಕೂಡ. ಆದರೆ ಆ ಬೆಳಗಿನ ಸುಳ್ಳು ನನ್ನದೇ. ಅದನ್ನು ಹೇಳು ಎಂದು ಯಾರೂ ನನಗೆ ಆದೇಶ ಕೊಟ್ಟಿರಲಿಲ್ಲ.

ಮೊನ್ನೆ ಭಾನುವಾರ ನಿಜ ಹೇಳಿಬಿಡೋಣವೆಂದು ಭಂಡಿಗಡಿಗೆ ಹೋದೆ. ಅಣ್ಣ ತೀರಿಕೊಂಡು ಆರು ತಿಂಗಳಾಗಿತ್ತು. ನನಗೆ ಸುದ್ದಿಯೇ ಇಲ್ಲ. ಜಗಲಿಯ ಮೇಲೆ ಕೂತುಬಿಟ್ಟೆ. ಇನ್ನು ಯಾರ ಹತ್ತಿರ ಹೇಳುವುದು...

ನನ್ನ ಗುರುತು ಹೇಳುತ್ತಲೇ ಅವರ ಮಗಳ ಮುಖ ಅರಳಿತು. "ಅಡ್ಡಗದ್ದೆಯವ್ರು ನೀವೇನಾ! ಅಪ್ಪ ಯಾವಾಗ್ಲೂ ಹೇಳೋರು. ಕೊನೇವರೆಗೂ ಒತ್ತಿದವ್ರಲ್ಲಿ ಅದು ನಾಟಕ ಅಂತ ಗೊತ್ತಿದ್ದದ್ದು ನಿಮ್ಗೊಬ್ರಿಗೇ ಅಂತೆ. ಹೌದಾ?"

ಈ ಸಲ ಬೆನ್ನ ಹಿಂದೆ ಯಾರೂ ನಿಂತಿರಲಿಲ್ಲ.

"ಹೌದಮ್ಮ" ಎಂದೆ.